ಕನ್ನಡ ಕೂಟದ ಮುಂದಿನ ಸಮಿತಿಗೆ ಯಾರೂ ಬರುತ್ತಿಲ್ಲ: ಗೌರವಧನ ಕೊಡುವುದು ಸರಿಯೇ?

ಕೂಟದ ಕಾರ್ಯದರ್ಶಿ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸಾಧಾರಣ ಊರಿನ ಕನ್ನಡ ಕೂಟಕ್ಕೆ ನಾನು ಕಾರ್ಯದರ್ಶಿ. ನೂರಕ್ಕೂ ಹೆಚ್ಚು ಕುಟುಂಬಗಳು ಸದಸ್ಯರಾಗಿರುವ, ಅಮೆರಿಕದ ತೆರಿಗೆ ಕಾಯಿದೆಯ 501(ಸಿ)(3) ಕಲಮಿನ ಅಡಿಯಲ್ಲಿ ತೆರಿಗೆ ವಿನಾಯಿತಿ ಪಡೆದಿರುವ, ಸಂಬಳದ ನೌಕರರು ಒಬ್ಬರೂ ಇಲ್ಲದ ಸಂಸ್ಥೆ ನಮ್ಮದು. ಯುಗಾದಿ, ಬೇಸಿಗೆಯ ಪಿಕ್‌ನಿಕ್, ಗಣೇಶನ ಹಬ್ಬ, ದೀಪಾವಳಿಯೊಂದಿಗೆ ಸೇರಿಸಿ ಮಾಡುವ ರಾಜ್ಯೋತ್ಸವ, ಇಷ್ಟನ್ನು ಪ್ರತಿ ವರ್ಷ ನಡೆಸುತ್ತೇವೆ. ಕಾರ್ಯಕ್ರಮಗಳಿಗೆ ಜನ ಬರುವುದಿಲ್ಲವೆಂಬ ಕೊರತೆ ನಮಗಿಲ್ಲ. ಆದರೆ ವರ್ಷಾಂತ್ಯದ ಸರ್ವಸದಸ್ಯರ ಸಭೆಯಲ್ಲಿ ಮುಂದಿನ ಸಮಿತಿಗೆ ಯಾರು ನಿಲ್ಲುತ್ತೀರಿ ಎಂದು ಕೇಳಿದೊಡನೆ ಎಲ್ಲರೂ ಮಕ್ಕಳಿಗೆ ಜಾಕೆಟ್ ತೊಡಿಸಲು ತೊಡಗುತ್ತಾರೆ.

ಈಗಿನ ಅಧ್ಯಕ್ಷರು ಬೇರೆ ದಾರಿ ಕಾಣದೆ ಎರಡನೆಯ ಅವಧಿಗೂ ಮುಂದುವರಿದವರು. ಇನ್ನು ಸಾಧ್ಯವಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಸಮಿತಿಯಲ್ಲಿ ಎರಡು ಸಲಹೆಗಳು ಬಂದಿವೆ. ಅಧ್ಯಕ್ಷರಿಗೂ ಸಾಂಸ್ಕೃತಿಕ ಕಾರ್ಯದರ್ಶಿಗೂ ವರ್ಷಕ್ಕಿಷ್ಟೆಂದು ಗೌರವಧನ ಕೊಟ್ಟರೆ ಯಾರಾದರೂ ಒಪ್ಪಬಹುದೆಂಬುದು ಒಂದು. ಕೂಟವನ್ನು ಊರಿನ ದೊಡ್ಡ ಭಾರತೀಯ ಸಂಘದಲ್ಲಿ ವಿಲೀನಗೊಳಿಸುವುದು ಇನ್ನೊಂದು. ಇಂತಹ ಪರಿಸ್ಥಿತಿಯನ್ನು ದಾಟಿದ ಕೂಟದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಮಾಜಿ ಖಜಾಂಚಿ:

ನಮಸ್ಕಾರ. ಗೌರವಧನದ ವಿಚಾರವನ್ನು ಮೊದಲು ಬದಿಗಿಡಿ ಎಂದು ವಿನಂತಿಸುತ್ತೇನೆ. ನಿಮ್ಮ ಸದಸ್ಯರಲ್ಲಿ ಹಲವರು ಅಮೆರಿಕದ ಉದ್ಯೋಗ ವೀಸಾವಾದ ಎಚ್‌-1ಬಿ ವೀಸಾದಲ್ಲಿರುತ್ತಾರೆ. ಅವರು ತಮ್ಮ ವೀಸಾಕ್ಕಾಗಿ ಅರ್ಜಿ ಹಾಕಿದ ಕಂಪನಿಗೆ ಮಾತ್ರ ದುಡಿಯಬಹುದು, ಆದ್ದರಿಂದ ಕೂಟದಿಂದ ಕೆಲಸಕ್ಕೆಂದು ಹಣ ಪಡೆದರೆ ಅದು ಅನುಮತಿಯಿಲ್ಲದ ಉದ್ಯೋಗವಾಗುತ್ತದೆ. ಅವರ ಅವಲಂಬಿತರಾಗಿ ಬಂದ, ಕೆಲಸದ ಪರವಾನಗಿ ಇಲ್ಲದ ಎಚ್‌-4 ಸಂಗಾತಿಗಳ ವಿಷಯವೂ ಹೀಗೆಯೇ. ಅಂದರೆ ಹೆಚ್ಚುಕಡಿಮೆ ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದವರು ಮಾತ್ರ ಅಧ್ಯಕ್ಷರಾಗಬಹುದಾದ ಕೂಟವನ್ನು ನೀವೇ ಕಟ್ಟಿದಂತಾಗುತ್ತದೆ. ಇನ್ನೊಂದು ಸಂಗತಿಯೂ ಇದೆ. 1997ರ ಫೆಡರಲ್ ಸ್ವಯಂಸೇವಕರ ರಕ್ಷಣಾ ಕಾಯಿದೆಯು ಲಾಭರಹಿತ ಸಂಸ್ಥೆಯ ಸ್ವಯಂಸೇವಕರಿಗೆ ಸಾಮಾನ್ಯ ಅಜಾಗರೂಕತೆಯ ಮೊಕದ್ದಮೆಗಳಿಂದ ಒಂದಿಷ್ಟು ರಕ್ಷಣೆ ಕೊಡುತ್ತದೆ. ಆದರೆ ಕೈಯಿಂದ ಖರ್ಚಾದ ಹಣದ ಮರುಪಾವತಿಯನ್ನು ಬಿಟ್ಟು ಸಂಭಾವನೆ ಪಡೆಯುವವರು, ಅಥವಾ ಸಂಭಾವನೆಗೆ ಬದಲಾಗಿ ವರ್ಷಕ್ಕೆ 500 ಡಾಲರಿಗಿಂತ ಹೆಚ್ಚು ಮೌಲ್ಯದ ಏನನ್ನಾದರೂ ಪಡೆಯುವವರು, ಆ ವ್ಯಾಖ್ಯೆಯಿಂದ ಹೊರಗುಳಿಯುತ್ತಾರೆ. ಮರುಪಾವತಿಯನ್ನು ಮಾತ್ರ ರಸೀದಿ ನೋಡಿ, ತಡಮಾಡದೆ ಕೊಡಿ.

ನನ್ನ ಅಭಿಪ್ರಾಯದಲ್ಲಿ ಜನ ಹೆದರುವುದು ಕೆಲಸಕ್ಕಲ್ಲ, ಕೆಲಸ ಎಷ್ಟಿದೆ ಎಂಬುದು ಗೊತ್ತಿಲ್ಲದಿರುವುದಕ್ಕೆ. ಬಹುತೇಕ ಕೂಟಗಳ ಆಸ್ತಿಯೆಲ್ಲ ಅಧ್ಯಕ್ಷರ ಗ್ಯಾರೇಜಿನಲ್ಲಿರುತ್ತದೆ: ಭುವನೇಶ್ವರಿಯ ಚಿತ್ರಪಟ, ಕೆಂಪು-ಹಳದಿ ಬಾವುಟಗಳು, ದೀಪದ ಕಂಬ, ಬಿಸಿಬೇಳೆಬಾತ್ ಬಡಿಸುವ ಉದ್ದ ಹಿಡಿಯ ಸೌಟುಗಳು, ಯಾವ ಡಬ್ಬದಲ್ಲಿ ಏನಿದೆಯೆಂದು ಹಿಂದಿನವರಿಗಷ್ಟೇ ತಿಳಿದಿರುವ ಪೆಟ್ಟಿಗೆಗಳು. ಕಾಗದಪತ್ರಗಳ ಗತಿಯೂ ಅದೇ. ಶಾಲೆಯ ಸಭಾಂಗಣ ಕಾಯ್ದಿರಿಸುವ ಖಾತೆ ಒಬ್ಬರ ಸ್ವಂತ ಇಮೇಲಿನಲ್ಲಿ, ಸದಸ್ಯರ ಪಟ್ಟಿ ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ, ವಿಮೆಯ ಪತ್ರ ಮತ್ತೊಬ್ಬರ ಬಳಿ. ಹೀಗಿರುವಾಗ ಹೊಸ ಅಧ್ಯಕ್ಷರು ಮೊದಲ ಮೂರು ತಿಂಗಳು ಪಾಸ್‌ವರ್ಡ್ ಹುಡುಕುತ್ತಲೇ ಕಳೆಯುತ್ತಾರೆ. ಅದನ್ನು ಪಕ್ಕದಲ್ಲಿ ನಿಂತು ನೋಡಿದವರು ಮುಂದಿನ ವರ್ಷ ಕೈ ಎತ್ತುವುದಿಲ್ಲ.

ಆದ್ದರಿಂದ ವ್ಯಕ್ತಿಯ ಹೆಸರಿಲ್ಲದ, ಹುದ್ದೆಯ ಹೆಸರಿನ ಇಮೇಲ್ ಖಾತೆಗಳನ್ನು ತೆರೆದು ಎಲ್ಲವನ್ನೂ ಅಲ್ಲಿಗೆ ವರ್ಗಾಯಿಸಿ. ತೆರಿಗೆಯ ಭಾಗ ವಾಸ್ತವದಲ್ಲಿ ಚಿಕ್ಕದು. ವಾರ್ಷಿಕ ಒಟ್ಟು ಆದಾಯ ಸಾಮಾನ್ಯವಾಗಿ 50,000 ಡಾಲರ್ ಮೀರದ ಕೂಟಕ್ಕೆ 990-ಎನ್ ಎಂಬ, ಅಂತರ್ಜಾಲದಲ್ಲೇ ತುಂಬುವ ಚಿಕ್ಕ ವಾರ್ಷಿಕ ವರದಿಯಾದ ಇ-ಪೋಸ್ಟ್‌ಕಾರ್ಡ್ ಸಾಕು, ಅದನ್ನು ತುಂಬಲು ಶುಲ್ಕವೂ ಇಲ್ಲ, ಹೆಚ್ಚಿನ ಸಮಯವೂ ಬೇಡ. ನಿಮ್ಮ ಲೆಕ್ಕಪತ್ರದ ವರ್ಷ ಡಿಸೆಂಬರಿಗೆ ಮುಗಿಯುವುದಾದರೆ ಮೇ 15 ಅದರ ಗಡುವು. ಸತತ ಮೂರು ವರ್ಷ ಇದನ್ನು ಸಲ್ಲಿಸದಿದ್ದರೆ ತೆರಿಗೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ, ಮತ್ತೆ ಪಡೆಯಲು ಹೊಸದಾಗಿ ಅರ್ಜಿ ಮತ್ತು ಶುಲ್ಕ ಸಲ್ಲಿಸಬೇಕಾಗುತ್ತದೆ. ವಿನಾಯಿತಿ ಹೋದರೆ ಸದಸ್ಯರು ಕೊಟ್ಟ ದೇಣಿಗೆಗೆ ಸಮನಾಗಿ ಅವರ ಕಂಪನಿಗಳಿಂದ ಬರುವ ಸರಿಸಮ ದೇಣಿಗೆಯೂ ನಿಂತುಹೋಗುತ್ತದೆ. ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ದಾಖಲೆಯಲ್ಲಿ ಕೂಟದ ಜವಾಬ್ದಾರರೆಂದು ಹೆಸರಿರುವವರು ಬದಲಾದಾಗ 60 ದಿನಗಳೊಳಗೆ 8822-ಬಿ ನಮೂನೆಯನ್ನು ಕಳುಹಿಸಬೇಕೆಂಬುದನ್ನೂ ಮರೆಯಬೇಡಿ. ಹಾಗೆ ಮಾಡದ ಕೂಟಗಳಿಗೆ ಬರುವ ನೋಟಿಸುಗಳು ಎಂದೋ ಊರು ಬಿಟ್ಟು ಹೋದ ಹಳೆಯ ಅಧ್ಯಕ್ಷರ ಹೆಸರಿಗೆ ಹೋಗುತ್ತಿರುತ್ತವೆ.

ಕೊನೆಯದಾಗಿ, ಇಡೀ ಸಮಿತಿ ಒಂದೇ ದಿನ ಇಳಿದು ಇಡೀ ಸಮಿತಿ ಒಂದೇ ದಿನ ಏರುವ ಪದ್ಧತಿಯನ್ನು ಕೈಬಿಡಿ. ಎರಡು ವರ್ಷದ ಅವಧಿ ಇಟ್ಟು, ಪ್ರತಿ ವರ್ಷ ಅರ್ಧದಷ್ಟು ಸ್ಥಾನಗಳು ಮಾತ್ರ ತೆರವಾಗುವಂತೆ ಬೈಲಾ ತಿದ್ದಿ.

ಕನ್ನಡ ಶಾಲೆಯ ಶಿಕ್ಷಕಿ:

ಖಜಾಂಚಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಕಾಗದಪತ್ರ ಅಚ್ಚುಕಟ್ಟಾದ ಮಾತ್ರಕ್ಕೆ ಜನ ಬರುವುದಿಲ್ಲ. ತುಂಬಿದ ಸಭೆಯಲ್ಲಿ "ಯಾರಾದರೂ ಬನ್ನಿ" ಎಂದು ಕೇಳಿದರೆ ಯಾರನ್ನೂ ಕೇಳಿದಂತಾಗುವುದಿಲ್ಲ. ಅದಕ್ಕಿಂತ ವಾಟ್ಸಾಪ್ ಗುಂಪಿನಲ್ಲಿ ಕೇಳುವುದು ಇನ್ನೂ ನಿಷ್ಪ್ರಯೋಜಕ. ಎಂಟು ಹತ್ತು ಜನ ಕೈಮುಗಿದ ಚಿತ್ರ ಹಾಕುತ್ತಾರೆ, ಅಷ್ಟೇ. ಒಬ್ಬರನ್ನು ಮನೆಗೆ ಕಾಫಿಗೆ ಕರೆದು, "ಯುಗಾದಿಯ ದಿನ ಬಾಗಿಲ ಬಳಿಯ ನೋಂದಣಿ ಮೇಜನ್ನು ನೀವು ನೋಡಿಕೊಳ್ಳಬೇಕು, ಅಷ್ಟೇ ಕೆಲಸ" ಎಂದು ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಅಷ್ಟೇ ಎಂದದ್ದು ಅಷ್ಟಕ್ಕೇ ನಿಲ್ಲಬೇಕು ಎನ್ನುವುದು ಮುಖ್ಯ.

ನೀವು ಹುಡುಕುತ್ತಿರುವ ಜನ ಭಾನುವಾರದ ಕನ್ನಡ ತರಗತಿಯ ಹೊರಗೆ ಕುಳಿತಿರುತ್ತಾರೆ. ಮಗುವನ್ನು ವಾರವಾರವೂ ತಪ್ಪದೆ ಕರೆತರುವ ತಂದೆತಾಯಿಗಿಂತ ನಿಷ್ಠೆಯ ಸದಸ್ಯರು ಇನ್ನೆಲ್ಲಿ ಸಿಗುತ್ತಾರೆ? ಇನ್ನೊಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕು. ಮಕ್ಕಳಿಗೆ ನೃತ್ಯ ಕಲಿಸುವವರು, ವೇದಿಕೆ ಅಲಂಕರಿಸುವವರು, ಹೋಳಿಗೆಯ ಲೆಕ್ಕ ಹಿಡಿಯುವವರು ಎಲ್ಲ ಕಡೆಯೂ ಹೆಚ್ಚಾಗಿ ಹೆಂಗಸರು. ಕರಪತ್ರದಲ್ಲಿ ಮಾತ್ರ ಅವರ ಹೆಸರು "ಸಹಕಾರ" ಎಂಬ ಸಾಲಿನ ಕೆಳಗಿರುತ್ತದೆ. ಅವರನ್ನು ಪದಾಧಿಕಾರಿಗಳನ್ನಾಗಿ ಮಾಡಲು ಎಷ್ಟು ಬಾರಿ ಕೇಳಿದ್ದೀರಿ?

ಟೆಕ್ಸಾಸಿನ ಹಳೆಯ ಸದಸ್ಯ:

ವಿಲೀನದ ಬಗ್ಗೆ ಎರಡು ಮಾತು. ಕಾನೂನಿನ ದೃಷ್ಟಿಯಿಂದ ಅದು ಸಾಧ್ಯ; 501(ಸಿ)(3) ಸಂಸ್ಥೆ ಮುಚ್ಚಿದಾಗ ಉಳಿದ ಹಣ ಸದಸ್ಯರಿಗೆ ಹಂಚಿಕೆಯಾಗುವಂತಿಲ್ಲ, ಅಂತಹದೇ ಇನ್ನೊಂದು ಸಂಸ್ಥೆಗೆ ಅಥವಾ ಸಾರ್ವಜನಿಕ ಉದ್ದೇಶಕ್ಕೆ ಹೋಗಬೇಕು. ಆದರೆ ದೊಡ್ಡ ಸಂಘದ ದೀಪಾವಳಿಯಲ್ಲಿ ಕನ್ನಡಕ್ಕೆ ಸಿಗುವುದು ಒಂದು ನೃತ್ಯದ ಅವಧಿ ಮಾತ್ರ, ಅದೂ ಸಿನಿಮಾ ಹಾಡಿಗೆ. ಅದರ ಬದಲು ಪಕ್ಕದ ತೆಲುಗು, ತಮಿಳು ಸಂಘಗಳೊಂದಿಗೆ ಧ್ವನಿವರ್ಧಕ, ದಾಸ್ತಾನು ಕೊಠಡಿಯ ಬಾಡಿಗೆಯಂತಹ ಖರ್ಚುಗಳನ್ನು ಹಂಚಿಕೊಂಡು ಹೆಸರನ್ನು ಉಳಿಸಿಕೊಳ್ಳಿ.

ಕೆಲಸವನ್ನೂ ಕಡಿಮೆ ಮಾಡಿ. ಕರ್ನಾಟಕದಿಂದ ಕಲಾವಿದರನ್ನು ಕರೆಸುವುದು ಸಣ್ಣ ಕೂಟದ ಬೆನ್ನು ಮುರಿಯುತ್ತದೆ. ಸಂಭಾವನೆ ಪಡೆಯುವ ಕಲಾವಿದರು ಸಾಮಾನ್ಯವಾಗಿ ಪ್ರವಾಸಿ ವೀಸಾದಲ್ಲಿ ಬಂದು ಕಾರ್ಯಕ್ರಮ ಕೊಡುವಂತಿಲ್ಲ, ಸಾಂಸ್ಕೃತಿಕ ಕಲಾವಿದರಿಗೆಂದೇ ಇರುವ ಪಿ-3ಯಂತಹ ವೀಸಾ ಬೇಕು. ಮೇಲಾಗಿ ಅವರ ಸಂಭಾವನೆಯಿಂದ ತೆರಿಗೆ ಹಿಡಿಯುವ ಹೊಣೆಯೂ ನಿಮ್ಮದೇ. ಆ ಆಸೆಯನ್ನು ದೊಡ್ಡ ಸಮ್ಮೇಳನಗಳಿಗೆ ಬಿಟ್ಟುಬಿಡಿ. ಪಿಕ್‌ನಿಕ್ಕಿಗೆ ಎಲ್ಲರೂ ಮನೆಯಿಂದ ಅಡುಗೆ ತರಲಿ. ಚಿತ್ರಾನ್ನವೇ ಏಳು ಪಾತ್ರೆ ಬಂದರೂ ಯಾರೂ ಹಸಿದು ಹೋಗುವುದಿಲ್ಲ.

ಕೂಟದ ಕಾರ್ಯದರ್ಶಿ:

ಎಲ್ಲರಿಗೂ ಧನ್ಯವಾದಗಳು. ಗೌರವಧನದ ಪ್ರಸ್ತಾಪವನ್ನು ಹಿಂತೆಗೆದುಕೊಳ್ಳುವಂತೆ ಸಮಿತಿಗೆ ಬರೆಯುತ್ತಿದ್ದೇನೆ. ಖಜಾಂಚಿಯವರಲ್ಲಿ ಒಂದು ಪ್ರಶ್ನೆ: ಈಗ ಎಲ್ಲರ ಅವಧಿಯೂ ಒಟ್ಟಿಗೆ ಮುಗಿಯುತ್ತಿರುವುದರಿಂದ ಅರ್ಧ ಸ್ಥಾನಗಳ ಪದ್ಧತಿಯನ್ನು ಮೊದಲ ವರ್ಷ ಹೇಗೆ ಆರಂಭಿಸುವುದು?

ಮಾಜಿ ಖಜಾಂಚಿ:

ಮೊದಲ ಚುನಾವಣೆಯಲ್ಲಿ ಮಾತ್ರ ಅರ್ಧ ಜನರಿಗೆ ಒಂದು ವರ್ಷದ, ಉಳಿದವರಿಗೆ ಎರಡು ವರ್ಷದ ಅವಧಿಯೆಂದು ತಿದ್ದುಪಡಿಯಲ್ಲೇ ಬರೆಯಿರಿ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬಹುದು. ಒಂದೇ ವರ್ಷ ಎಂದಾಗ ಒಪ್ಪುವವರು ಹೆಚ್ಚು ಎಂಬ ಅನುಕೂಲವೂ ಇದೆ. ಅಧ್ಯಕ್ಷರೂ ಖಜಾಂಚಿಯೂ ಒಂದೇ ವರ್ಷ ಇಳಿಯದಂತೆ ನೋಡಿಕೊಳ್ಳಿ, ಬ್ಯಾಂಕಿನಲ್ಲಿ ಸಹಿ ಬದಲಿಸಲು ಹಳಬರು ಹೊಸಬರು ಒಟ್ಟಿಗೆ ಹೋಗುವ ದಿನವನ್ನು ಸರ್ವಸದಸ್ಯರ ಸಭೆಯಲ್ಲೇ ಗೊತ್ತುಮಾಡಿ.