ಟೈಮ್‌ಲ್ಯಾಪ್ಸ್ ಮಿಟುಕುತ್ತಿದೆ, ಎಲ್ಲಾ ಮ್ಯಾನ್ಯುಯಲ್‌ನಲ್ಲೇ ಇದೆ!

ಮೊಳಕೆ_ಶಾಟ್: ಕಾಲೇಜಿನ ಕಿರುಚಿತ್ರಕ್ಕೆ ಕಾಳು ಮೊಳಕೆಯೊಡೆಯುವ ಶಾಟ್ ತೆಗೆಯುತ್ತಿದ್ದೇನೆ. 5 ನಿಮಿಷಕ್ಕೊಂದು ಫ್ರೇಮ್, ಆಮೇಲೆ ಎಲ್ಲಾ ಜೋಡಿಸಿ ವೇಗವಾಗಿ ಓಡಿಸುವುದು. ಪ್ಲೇ ಮಾಡಿದರೆ ಹಿಂದಿನ ಬಿಳಿ ಗೋಡೆ ಪಟಪಟ ಮಿಟುಕುತ್ತದೆ. ತಲೆ ಕೆಟ್ಟುಹೋಗಿದೆ. ಯಾರಾದರೂ ಹೇಳಿ.

ಫ್ರೇಮ್25: ಆಟೋ ವೈಟ್ ಬ್ಯಾಲೆನ್ಸ್, ಕ್ಯಾಮೆರಾ ತಾನೇ ಬಣ್ಣ ಬದಲಿಸುತ್ತಿದೆ. ಲಾಕ್ ಮಾಡಿ.

ಮೊಳಕೆ_ಶಾಟ್: ಮ್ಯಾನ್ಯುಯಲ್ ಅಂತ ಮೇಲೆಯೇ ಬರೆದಿದ್ದೇನಲ್ಲ. ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್, ಐಎಸ್‌ಒ 100.

ಫ್ರೇಮ್25: ಆದರೂ ಇನ್ನೊಮ್ಮೆ ನೋಡಿ. ನನಗೆ ಅದರ ಮೇಲೇ ಅನುಮಾನ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ದೊಡ್ಡ ಫೈಲ್) ಇದ್ದರೆ ಆಮೇಲೆ ಸರಿ ಮಾಡಬಹುದು.

ಕತ್ತರಿಕೋಣೆ: ಇದಕ್ಕೆ ರಾ ಯಾಕೆ? ಕಾರ್ಡ್ ತುಂಬಿ ಶೂಟ್ ಮಧ್ಯದಲ್ಲಿ ನಿಲ್ಲುತ್ತದೆ. ಎಕ್ಸ್‌ಪೋಷರ್ ಸರಿ ಇದ್ದರೆ ಜೆಪೆಗ್ ಸಾಕು.

ಫ್ರೇಮ್25: ಒಪ್ಪಲ್ಲ. ದೊಡ್ಡ ಕಾರ್ಡ್ ಹಾಕಿದರಾಯಿತು.

ನೆರಳುಬೆಳಕು: ರಾ ಜಗಳ ಆಮೇಲೆ. ಲೆನ್ಸ್, ಅಪರ್ಚರ್ (ಬೆಳಕು ಬರುವ ತೂತು), ಶಟರ್, ದೀಪ ಹೇಳಿ.

ಮೊಳಕೆ_ಶಾಟ್: ಕಿಟ್ ಲೆನ್ಸ್, ಎಫ್/16, ಅರ್ಧ ಸೆಕೆಂಡ್. ಎಲ್‌ಇಡಿ ಪ್ಯಾನಲ್. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ದೇನೆ.

   

ನೆರಳುಬೆಳಕು: ಅರ್ಧ ಸೆಕೆಂಡ್ ಅಂದರೆ ದೀಪದ ತಪ್ಪಲ್ಲ. 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿಟುಕಿದರೂ ಅಷ್ಟು ಹೊತ್ತಿನಲ್ಲಿ ಸರಿದೂಗುತ್ತದೆ. ತೊಂದರೆ ಎಫ್/16ನಲ್ಲಿದೆ, ಅಂದರೆ ತುಂಬಾ ಚಿಕ್ಕ ತೂತು. ಡಿಎಸ್‌ಎಲ್‌ಆರ್ ಅಲ್ವಾ? ಲೆನ್ಸ್ ಒಳಗೆ ಮುಂದಿನಿಂದ ನೋಡಿ. ಕ್ಲಿಕ್ ಆದಾಗ ಮಾತ್ರ ಬ್ಲೇಡುಗಳು ಮುಚ್ಚಿ, ಮತ್ತೆ ಪೂರ್ತಿ ತೆರೆಯುತ್ತವೆ. ಪ್ರತಿ ಸಲ ಕರಾರುವಾಕ್ಕಾಗಿ ಅದೇ ಜಾಗಕ್ಕೆ ಬರಲ್ಲ. ತೂತು ಚಿಕ್ಕದಾದಷ್ಟೂ ಕೂದಲೆಳೆಯಷ್ಟು ವ್ಯತ್ಯಾಸವೂ ಎದ್ದು ಕಾಣುತ್ತದೆ. ಲೆನ್ಸ್ ಪೂರ್ತಿ ತೆರೆದು ಎಫ್/5.6ಗೆ ಇಡಿ. ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವ ಎನ್‌ಡಿ8 ಫಿಲ್ಟರ್ ಹಾಕಿದರೆ ಶಟರ್ ಅರ್ಧ ಸೆಕೆಂಡಿನಲ್ಲೇ ಉಳಿಯುತ್ತದೆ.

ಮೊಳಕೆ_ಶಾಟ್: ಗೋಡೆ ಮಿಟುಕುವುದು ನಿಂತಿತು! ಆದರೆ ತೂತು ದೊಡ್ಡದಾಗಿ ಈಗ ಹಿಂದಿನ ಬೇರು ಬ್ಲರ್. ನನಗೆ ಅದೂ ಬೇಕು.

ಕತ್ತರಿಕೋಣೆ: ಎಫ್/16ನಲ್ಲೇ ತೆಗೆಯಿರಿ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಸ್ಟುಡಿಯೋದಲ್ಲಿ ಮಿಟುಕು ತೆಗೆಯುವ ಡಿಫ್ಲಿಕರ್ ಇದೆ.

ಫ್ರೇಮ್25: ಡಿಫ್ಲಿಕರ್‌ಗೂ ರಾ ಇದ್ದರೇ ಒಳ್ಳೆಯದು.

ನೆರಳುಬೆಳಕು: ಶೂಟ್‌ನಲ್ಲೇ ಸರಿಯಾಗುವುದನ್ನು ಎಡಿಟ್‌ಗೆ ಯಾಕೆ ತಳ್ಳಬೇಕು? ಅಪರ್ಚರ್ ರಿಂಗ್ ಇರುವ ಹಳೇ ಎಂ42 (ತಿರುಪಿ ಕೂರಿಸುವ) ಲೆನ್ಸ್ ಹುಡುಕಿ. ಮ್ಯಾನ್ಯುಯಲ್‌ಗೆ ಹಾಕಿದರೆ ಬ್ಲೇಡು ಇಟ್ಟಲ್ಲೇ ನಿಲ್ಲುತ್ತದೆ.

ಮೊಳಕೆ_ಶಾಟ್: ಸೀನಿಯರ್ ಹತ್ತಿರ ಒಂದಿದೆ. ನನ್ನ ಕ್ಯಾಮೆರಾಗೆ ಕೂರುತ್ತದಾ?

ನೆರಳುಬೆಳಕು: ಕ್ಯಾಮೆರಾದ ಮೌಂಟ್ (ಲೆನ್ಸ್ ಕೂರುವ ಜಾಗ) ಕ್ಯಾನನ್ ಇಎಫ್ ಆದರೆ ಸಾದಾ ಅಡಾಪ್ಟರ್ ಸಾಕು. ನಿಕಾನ್ ಎಫ್ ಆದರೆ ದೂರದ್ದಕ್ಕೆ ಫೋಕಸ್ ಸಿಗಲ್ಲ, ನಿಮ್ಮ ಕ್ಲೋಸಪ್‌ಗೆ ಅದರಿಂದ ತೊಂದರೆಯಿಲ್ಲ. ನಿಮ್ಮದು ಯಾವ ಕ್ಯಾಮೆರಾ?