ಬೆನ್ನುಹುರಿ ಪೆಟ್ಟಿನ ನಂತರ ಸೆಕೆ, ಚಳಿ ತಡೆಯೋದು ಹೇಗೆ?

ಪ್ರಶ್ನೆ (ಕಾರವಾರ)
ತಮ್ಮನಿಗೆ ಬೆನ್ನುಹುರಿಯ ಟಿ4 ಮಟ್ಟದಲ್ಲಿ (ಎದೆ ಭಾಗದಲ್ಲಿ ಮೇಲಿನಿಂದ ನಾಲ್ಕನೇದು) ಪೆಟ್ಟು, ಎದೆಯಿಂದ ಕೆಳಗೆ ಸ್ಪರ್ಶ ಗೊತ್ತಾಗಲ್ಲ. ಮಧ್ಯಾಹ್ನದ ಸೆಕೆಗೆ ಮುಖ ಕೆಂಪಾಗಿ ಮೈ 100 ಡಿಗ್ರಿ ಫ್ಯಾರನ್‌ಹೀಟ್ ದಾಟತ್ತೆ, ಎದೆ ಕೆಳಗೆ ಒಂದು ಹನಿ ಬೆವರಿಲ್ಲ. ಪ್ಯಾರಾಸಿಟಮಾಲ್‌ಗೆ ಇಳಿಯಲ್ಲ. ಏರ್ ಕೂಲರ್ ತರೋದಾ? ಶಿರಸಿಯ ಅಜ್ಜನ ಮನೆಗೂ ಆಗಾಗ ಹೋಗ್ತೇವೆ, ಅಲ್ಲಿ ಹಂಡೆ ನೀರಿನ ಸ್ನಾನ.

ಫಿಸಿಯೋಥೆರಪಿಸ್ಟ್, ಕುಮಟಾ
ಕೂಲರ್ ಬೇಡ. ಅದು ಒಣ ಹವೆಯ ಊರಿಗೆ ಸರಿ. ಕರಾವಳಿಯಲ್ಲಿ ಕೋಣೆಯ ತೇವ ಹೆಚ್ಚಿಸಿ ಸೆಕೆಯನ್ನೇ ಜಾಸ್ತಿ ಮಾಡತ್ತೆ. ಎ.ಸಿ. ಸಾಧ್ಯವಿದ್ದರೆ ಸರಿ, ಇಲ್ಲದಿದ್ದರೆ ಫ್ಯಾನ್ ಮತ್ತು ನೀರು ಸಾಕು.

ಬೆವರಲು ಮಿದುಳು ಕೊಡುವ ಸೂಚನೆ ಪೆಟ್ಟಾದ ಜಾಗದಿಂದ ಕೆಳಗೆ ಇಳಿಯೋದಿಲ್ಲ. ಹಾಗಾಗಿ ಬೆವರನ್ನು ನಾವೇ ಹೊರಗಿಂದ ಕೊಡಬೇಕು. ಇಸ್ತ್ರಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಲ್ಲಿ ಸಾದಾ ನೀರು ಹಾಕಿ ಮುಖ, ಕುತ್ತಿಗೆ, ತೋಳು, ಎದೆ, ತೊಡೆಗೆ ಸಿಂಪಡಿಸಿ, ಫ್ಯಾನ್ ನೇರ ಮೈಮೇಲೆ ಬೀಸಲಿ, ಒಣಗಿದ ಕೂಡಲೇ ಮತ್ತೆ ಸಿಂಪಡಿಸಿ. ಗಾಳಿಯಿಲ್ಲದೆ ಬರೀ ಒದ್ದೆ ಮಾಡಿದರೆ ಇಲ್ಲಿನ ಹವೆಯಲ್ಲಿ ನೀರು ಆರೋದೇ ಇಲ್ಲ. ಬೆನ್ನು, ಕುಂಡೆ, ಕುಶನ್ ಮಾತ್ರ ಒದ್ದೆಯಾಗಬಾರದು, ಒತ್ತಡದ ಹುಣ್ಣಿಗೆ ಅದೇ ದಾರಿ. ಐಸನ್ನು ನೇರವಾಗಿ ಚರ್ಮಕ್ಕೆ ಇಡಬೇಡಿ.

ಪ್ಯಾರಾಸಿಟಮಾಲ್ ಇಳಿಸೋದು ಸೋಂಕಿನಂಥ ಕಾರಣಕ್ಕೆ ಮಿದುಳೇ ಏರಿಸಿದ ಜ್ವರವನ್ನು. ಹೊರಗಿಂದ ಹೊಕ್ಕ ಶಾಖಕ್ಕೆ ಅದು ನಾಟಲ್ಲ. ತಂಪು ಮಾಡಿ ಒಂದು ತಾಸಿನಲ್ಲೂ ಇಳಿಯದಿದ್ದರೆ, ಅಥವಾ ಮೂತ್ರ ಕದಡಿ ವಾಸನೆ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಗೊಂದಲ, ಮಂಪರು ಕಂಡರೆ ಒಂದು ತಾಸು ಕಾಯಬೇಡಿ.

ನೀರು ಹೆಚ್ಚು ಕುಡಿಸಿದ ದಿನ ಕ್ಯಾಥೆಟರ್ (ಮೂತ್ರ ತೆಗೆಯುವ ನಳಿಕೆ) ಹಾಕೋ ಅಂತರ ಕಡಿಮೆ ಮಾಡಿ: ಒಂದು ಸಲಕ್ಕೆ ಬರುವ ಮೂತ್ರ 500 ಮಿ.ಲೀ. ಮೀರಬಾರದು.

ಆರೈಕೆ ಮಾಡುವವರು, ಶಿರಸಿ
ಹಂಡೆ ನೀರು ಎಷ್ಟು ಕಾದಿದೆ ಅಂತ ನೋಡಿದರೆ ತಿಳಿಯೋದಿಲ್ಲ. 60 ಡಿಗ್ರಿ ಸೆಲ್ಸಿಯಸ್‌ನ ನೀರು ಐದಾರು ಸೆಕೆಂಡಿನಲ್ಲಿ ಸುಡತ್ತೆ, ಅವನಿಗೆ ಅದು ಗೊತ್ತೇ ಆಗಲ್ಲ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ತಳದವರೆಗೆ ಕೈಯಾಡಿಸಿ ಕಲಸಿ, ಇಲ್ಲದಿದ್ದರೆ ಮೇಲಿನ ಚೊಂಬು ಕೆಳಗಿನದಕ್ಕಿಂತ ಬಿಸಿ. ಥರ್ಮಾಮೀಟರ್ ಇಟ್ಟು 38 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿ. ಚಳಿಗಾಲದಲ್ಲಿ ಬಚ್ಚಲೊಲೆ ಹತ್ತಿರ ಕೂರಿಸಬೇಡಿ, ಬಿಸಿನೀರಿನ ಚೀಲ ಬೇಡವೇ ಬೇಡ. ಪೆಟ್ಟಿನ ಕೆಳಗೆ ನಡುಕವೂ ಬರೋದಿಲ್ಲ, ಅಂದರೆ ಚಳಿಯಾದರೂ ಮೈ ತಾನಾಗಿ ಕಾಯೋದಿಲ್ಲ. ಸಂಜೆಯಾಗುವ ಮುಂಚೆಯೇ ಕಾಲುಚೀಲ, ಟೋಪಿ, ಎರಡು ಪದರದ ಬಟ್ಟೆ ಹಾಕಿಸಿ. ಬಿಸಿ ಚಹಾ ಲೋಟ ತೊಡೆಮೇಲೆ ಇಟ್ಟುಕೊಳ್ಳೋ ರೂಢಿ ಇದ್ದರೆ ಇವತ್ತೇ ಬಿಡಿಸಿ.

ನರ್ಸ್, ಅಂಕೋಲಾ
ಒಂದು ಎಚ್ಚರಿಕೆ. ತಲೆ, ಕುತ್ತಿಗೆಯಲ್ಲಿ ಮಾತ್ರ ಧಾರಾಕಾರ ಬೆವರು, ಮುಖ ಕೆಂಪು, ತಲೆ ಸಿಡಿತ ಒಟ್ಟಿಗೆ ಬಂದರೆ ಸೆಕೆ ಅಂದುಕೊಳ್ಳಬೇಡಿ. ಟಿ6 ಮತ್ತು ಮೇಲಿನ ಪೆಟ್ಟಿನವರಿಗೆ ಬಿಪಿ ದಿಢೀರ್ ಏರುವ ಅಪಾಯ ಇದೆ. ಇವರ ಮಾಮೂಲಿ ಬಿಪಿ (ಮೇಲಿನ ಅಂಕಿ) ಹೆಚ್ಚಾಗಿ 90–110. ಹಾಗಿದ್ದರೆ 140 ಕೂಡ ತುರ್ತು. ಮಲಗಿಸದೆ ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಬಿಗಿ ಬಟ್ಟೆ ಸಡಿಲಿಸಿ. ಮೊದಲು ಮೂತ್ರಕೋಶ ತುಂಬಿದೆಯಾ, ನಳಿಕೆ ಮಡಚಿದೆಯಾ ನೋಡಿ. ಬಿಪಿ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ.

ಪ್ರಶ್ನೆ ಕೇಳಿದವರು
ಮೂತ್ರಕೋಶಕ್ಕೆ ಆಕ್ಸಿಬ್ಯುಟಿನಿನ್ ಕೊಡ್ತಿದ್ದೇವೆ. ಅದಕ್ಕೂ ಈ ಸೆಕೆಗೂ ಸಂಬಂಧ ಇದೆಯಾ?

ನರ್ಸ್, ಅಂಕೋಲಾ
ಇದೆ. ತಲೆ, ತೋಳಲ್ಲಿ ಉಳಿದಿರುವ ಬೆವರನ್ನೂ ಅದು ಕಡಿಮೆ ಮಾಡತ್ತೆ. ನೀವಾಗೇ ನಿಲ್ಲಿಸಬೇಡಿ, ಬೇಸಿಗೆಗೆ ಪ್ರಮಾಣ ಬದಲಿಸಬೇಕಾ ಅಂತ ಡಾಕ್ಟರನ್ನು ಕೇಳಿ.