ಬೋಟಿನೊಳಗೇ ಹಳೇ ತ್ರೀ ಸೆವೆಂಟಿ ಇಂಜಿನ್ ಬಿಚ್ಚಿ ಕಟ್ಟುವವರಿಗೆ

ಮಲ್ಪೆಯ ಒಬ್ಬರು ಕೇಳಿದ್ದಾರೆ: ತಂದೆಯ ಕಾಲದ ಮರದ ಟ್ರಾಲ್ ಬೋಟು, ಒಳಗೆ ಅಶೋಕ್ ಲೇಲ್ಯಾಂಡಿನ ಹಳೇ ತ್ರೀ ಸೆವೆಂಟಿ ಇಂಜಿನ್. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸ್ತದೆ, ನೀಲಿ ಹೊಗೆ ಉಂಟು, ಆಯಿಲ್ ಕುಡೀತದೆ. ಮೆಕ್ಯಾನಿಕ್ ನೋಡಿ "ಫುಲ್ ಇಂಜಿನ್ ಕೆಲಸ" ಅಂದಿದ್ದಾರೆ. ಕೇಳಿದವರು ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತವರು. ಮಳೆಗಾಲದ ರಜೆಯಲ್ಲಿ, ಇಂಜಿನ್ ಬೋಟಿನಿಂದ ಹೊರಗೆ ಇಳಿಸದೆ, ತಾವೇ ಮಾಡಿಕೊಳ್ಳಬಹುದಾ ಅಂತ ಪ್ರಶ್ನೆ.

ಧಾರಾಳ ಮಾಡಬಹುದು. ಮಂಗಳೂರು ದಕ್ಕೆಯಲ್ಲಿ (ಬೋಟು ಕಟ್ಟುವ ಬಂದರುಕಟ್ಟೆ) ನಮ್ಮ ಬೋಟಿನ ಇಂಜಿನ್ ಕೆಲಸ ನಾನೂ ಅಣ್ಣನೂ ಸೇರಿಯೇ ಮಾಡಿಕೊಂಡು ಬಂದದ್ದು. ನಮಗೆ ಗೊತ್ತಿರುವುದನ್ನೂ ಗಂಗೊಳ್ಳಿ, ಮಲ್ಪೆಯ ಗೆಳೆಯರು ಹೇಳಿಕೊಟ್ಟದ್ದನ್ನೂ ಸೇರಿಸಿ ಬರೀತೇನೆ.

ಮೊದಲನೇ ಮಾತು, ಈಗಲೇ ಸ್ಪ್ಯಾನರ್ ಹಿಡೀಬೇಡಿ. ನೀವು ಹೇಳಿದ ಮೂರು ಲಕ್ಷಣಕ್ಕೂ ಕಾರಣ ಒಂದೇ ಆಗಿರಬೇಕು ಅಂತ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗದ್ದಕ್ಕೆ ಬ್ಯಾಟರಿ ಕೇಬಲ್ಲಿನ ಉಪ್ಪು ಹಿಡಿದ ತುದಿಯೂ ಸಾಕು. ಸೆಲ್ಫ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರು) ನಿಧಾನ ತಿರುಗಿದರೆ ಕಂಪ್ರೆಶನ್ ಚೆನ್ನಾಗಿದ್ದರೂ ಡೀಸೆಲ್ ಹತ್ತಿಕೊಳ್ಳುವಷ್ಟು ಬಿಸಿ ಹುಟ್ಟುವುದಿಲ್ಲ. ಆಗ ಬರುವುದು ಬಿಳಿ ಹೊಗೆ, ಅದು ಉರಿಯದ ಡೀಸೆಲ್. ನೀಲಿ ಹೊಗೆ ಸ್ಟಾರ್ಟ್ ಮಾಡಿದ ಹೊತ್ತಿಗೆ ಬಂದು ಆಮೇಲೆ ನಿಂತರೆ ವಾಲ್ವ್ ಗೈಡಿನ ಕಡೆ ನೋಡಿ. ಹೆಡ್ ಮಾತ್ರ ಇಳಿಸಿದರೆ ಕೆಲಸ ಮುಗೀತದೆ. ಲೋಡಿನಲ್ಲೂ ನೀಲಿ ಹೊಗೆ ಬಿಡದೆ ಬರ್ತಾ ಇದ್ದು, ಬ್ರೀದರಿನಿಂದ (ಇಂಜಿನ್ನಿನ ಒಳಗಿನ ಗಾಳಿ ಹೊರಬರುವ ಕೊಳವೆ) ಬ್ಯಾಕ್ ಕಂಪ್ರೆಶನ್, ಅಂದರೆ ಪಿಸ್ಟನ್ ದಾಟಿ ಕೆಳಗೆ ನುಗ್ಗಿದ ಗ್ಯಾಸ್, ಭುಸುಗುಟ್ಟುತ್ತಿದ್ದರೆ ಮಾತ್ರ ರಿಂಗ್ (ಪಿಸ್ಟನ್ನಿನ ಸುತ್ತಲಿನ ಬಳೆ), ಲೈನರಿನ (ಪಿಸ್ಟನ್ ಓಡಾಡುವ ಕೊಳವೆ) ಮಾತು. ಕಪ್ಪು ಹೊಗೆ ಬಂದು ಆರ್‌ಪಿಎಂ ಏರದಿದ್ದರೆ ಇಂಜಿನ್ನಿಗಿಂತ ಮೊದಲು ಫ್ಯಾನ್, ಅಂದರೆ ನೀರಿನೊಳಗಿನ ಪ್ರೊಪೆಲ್ಲರ್, ನೋಡಬೇಕು. ಬಲೆಯ ತುಂಡು ಸುತ್ತಿಕೊಂಡದ್ದೋ, ಎಲೆ ಬಾಗಿದ್ದೋ, ಬೋಟಿನ ಅಡಿಗೆ ಚಿಪ್ಪು ಕಟ್ಟಿದ್ದೋ ಇರ್ತದೆ. ಒಳ್ಳೇ ಇಂಜಿನ್ನುಗಳನ್ನು ಈ ಒಂದೇ ಕಾರಣಕ್ಕೆ ಬಿಚ್ಚಿ ಹಾಕಿದ್ದು ನಮ್ಮ ದಕ್ಕೆಯಲ್ಲಿ ಕಂಡಿದ್ದೇನೆ, ಬೇಸರ ಆಗ್ತದೆ.

ಹಾಗಾಗಿ ಮೇ ತಿಂಗಳಲ್ಲಿ, ಬೋಟು ಇನ್ನೂ ಕಡಲಿಗೆ ಹೋಗ್ತಾ ಇರುವಾಗಲೇ, ಪರೀಕ್ಷೆ ಮುಗಿಸಿ. ಇಂಜಿನ್ ಬಿಸಿ ಇರುವಾಗ ಆಯಿಲ್ ಪ್ರೆಶರ್ ಎಷ್ಟು ಅಂತ ಬರೆದಿಡಿ. ಐಡಲಿನಲ್ಲಿ ಒಂದೊಂದೇ ನಾಝಲಿನ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಪೈಪ್ ನಟ್ ಸ್ವಲ್ಪ ಸಡಿಲಿಸಿ ಶಬ್ದ ಕೇಳಿ. ಯಾವ ಸಿಲಿಂಡರ್ ಬಂದ್ ಮಾಡಿದರೂ ಇಂಜಿನ್ನಿಗೆ ವ್ಯತ್ಯಾಸವೇ ಆಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ದುಡೀತಾ ಇರಲಿಲ್ಲ ಅಂತ ಅರ್ಥ. ಆಮೇಲೆ ನಾಝಲ್ ತೆಗೆದು ಆ ತೂತಿಗೆ ಡೀಸೆಲ್ ಕಂಪ್ರೆಶನ್ ಗೇಜ್ ಹಾಕಿ. ಆರೂ ಸಮಾನವಾಗಿ ಇಳಿದಿದ್ದರೆ ಸವೆತ. ಒಂದೇ ಇಳಿದಿದ್ದರೆ ವಾಲ್ವ್, ಗ್ಯಾಸ್ಕೆಟ್ ಅಥವಾ ಮುರಿದ ರಿಂಗ್. ಪಕ್ಕಪಕ್ಕದ ಎರಡು ಒಟ್ಟಿಗೆ ಇಳಿದಿದ್ದರೆ ನಡುವೆ ಗ್ಯಾಸ್ಕೆಟ್ ಹೊಡೆದಿರುವ ಸಾಧ್ಯತೆ ಹೆಚ್ಚು. ಒಂದು ಎಚ್ಚರಿಕೆ: ನಾಝಲ್ ಸ್ಪ್ರೇ ಪರೀಕ್ಷೆ ಮಾಡುವಾಗ ಕೈ ಅಡ್ಡ ಹಿಡೀಬೇಡಿ. ಆ ಪ್ರೆಶರಿಗೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗ್ತದೆ, ಬೆರಳು ಕಳಕೊಳ್ಳುವ ಗಾಯ ಅದು. ಹೊರಗೆ ಸಣ್ಣ ಚುಕ್ಕಿ ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆಯಲ್ಲಿ ರಿಂಗ್ ಲೈನರ್ ಅಂತಲೇ ಬಂತು ಅಂತಿಟ್ಟುಕೊಳ್ಳಿ. ಆಗ ಬೋಟಿನವರಿಗೆ ಮಾತ್ರ ಇರುವ ಒಂದು ತೊಂದರೆ ಎದುರಾಗ್ತದೆ. ರಸ್ಟನ್ ತರಹದ ಹಳೇ ಮೆರೀನ್ ಇಂಜಿನ್ನುಗಳಿಗೆ ಪಕ್ಕದಲ್ಲಿ ಬಾಗಿಲುಗಳಿದ್ದವು, ಅದರಿಂದ ಕೈ ಹಾಕಿ ಬೇರಿಂಗ್ ಬಿಚ್ಚಬಹುದಿತ್ತು. ಲೇಲ್ಯಾಂಡ್ ಮೂಲತಃ ಲಾರಿ, ಬಸ್ಸಿನ ಇಂಜಿನ್. ಬಿಗ್ ಎಂಡಿಗೆ (ಕನೆಕ್ಟಿಂಗ್ ರಾಡು ಕ್ರ್ಯಾಂಕನ್ನು ಹಿಡಿಯುವ ತುದಿ) ಕೈ ಹೋಗಬೇಕಾದರೆ ಕೆಳಗಿನ ಆಯಿಲ್ ಚೇಂಬರ್ ಇಳಿಯಬೇಕು. ರಸ್ತೆಯಲ್ಲಿ ಲಾರಿಯ ಅಡಿಗೆ ಮಲಗಿ ಇಳಿಸ್ತಾರೆ. ಬೋಟಿನಲ್ಲಿ ಚೇಂಬರಿನ ಕೆಳಗೆ ನಾಲ್ಕು ಬೆರಳು ಜಾಗ, ಅದರ ಕೆಳಗೆ ಹಲಗೆ, ಅದರ ಕೆಳಗೆ ಕಡಲು. ಅಂದರೆ "ಇಂಜಿನ್ ಹೊರಗೆ ತೆಗೆಯದೆ" ಅನ್ನುವುದು ನಿಜ, ಆದರೆ "ಎತ್ತದೆ" ಆಗುವುದಿಲ್ಲ.

ಎತ್ತುವ ಕೆಲಸಕ್ಕೆ ಆತುರ ಬೇಡ. ಗೇರ್ ಬಾಕ್ಸ್ ಸೇರಿದರೆ ಅರ್ಧ ಟನ್ನಿಗೂ ಮೇಲಿನ ಭಾರ. ಕ್ಯಾಬಿನ್ ಹಲಗೆ ತೆಗೆದು ಅಡ್ಡಕ್ಕೆ ಕಬ್ಬಿಣದ ತೊಲೆ ಹಾಕಿ, ತೊಲೆಯ ಎರಡೂ ತುದಿ ಡೆಕ್ಕಿನ ಹಲಗೆಯ ಮೇಲೆ ಕೂರದೆ ಕೆಳಗಿನ ಬೀಮಿನ ಮೇಲೆ ಬರುವ ಹಾಗೆ ನೋಡಿಕೊಳ್ಳಿ. ಎರಡು ಟನ್ನಿನ ಚೈನ್ ಬ್ಲಾಕ್ ಸಾಕು. ಗೇರ್ ಬಾಕ್ಸ್ ಬೇರೆ ಮಾಡಿ, ಇಂಜಿನ್ ಎರಡಡಿ ಎತ್ತಿ, ಬೆಡ್ಡಿನ ಮೇಲೆ ಗಟ್ಟಿ ಮರದ ದಿಮ್ಮಿ ಅಡ್ಡ ಇಟ್ಟು, ಅದರ ಮೇಲೆ ಇಂಜಿನ್ ಕೂರಿಸಿ. ಚೈನಿನಲ್ಲಿ ತೂಗುವ ಇಂಜಿನ್ನಿನ ಅಡಿಗೆ ಕೈ ಹಾಕುವ ಕೆಲಸ ಯಾವ ಕಾರಣಕ್ಕೂ ಬೇಡ. ನದಿಯಲ್ಲಿ ಒಂದರ ಪಕ್ಕ ಒಂದು ಬೋಟು ಕಟ್ಟಿರುವಾಗ ಪಕ್ಕದ ಬೋಟಿಗೆ ಯಾರೋ ಹಾರಿದರೂ ನಿಮ್ಮದು ಅಲುಗಾಡ್ತದೆ. ಎತ್ತುವ ಮೊದಲು ಬ್ಯಾಟರಿ ಕಳಚಿ, ಬಿಲ್ಜಿನ (ಬೋಟಿನ ತಳದ ಗುಂಡಿ) ಎಣ್ಣೆ ನೀರು ಪೂರ್ತಿ ತೆಗೆದುಬಿಡಿ. ಪಾರ್ಟ್ಸ್ ತೊಳೆಯಲು ಡೀಸೆಲ್ ಉಪಯೋಗಿಸಿ. ಪೆಟ್ರೋಲನ್ನು ಇಂಜಿನ್ ರೂಮಿನೊಳಗೆ ತರಲೇಬೇಡಿ. ಅದರ ಆವಿ ಗಾಳಿಗಿಂತ ಭಾರ, ಬಿಲ್ಜಿನಲ್ಲಿ ಇಳಿದು ಕೂತಿರ್ತದೆ. ಪಕ್ಕದ ಬೋಟಿನಲ್ಲಿ ವೆಲ್ಡಿಂಗ್ ನಡೀತಾ ಇರುವುದು ಮಳೆಗಾಲದಲ್ಲಿ ಮಾಮೂಲಿ.

ಬಿಚ್ಚುವಾಗ ಫೋಟೋ ತೆಗೀತಾ ಹೋಗಿ, ಇದನ್ನು ಎಲ್ಲರೂ ಹೇಳ್ತಾರೆ. ಕಾಗದದ ಚೀಟಿ ಅಂಟಿಸಿದರೆ ಜೂನಿನಲ್ಲಿ ಮರುದಿನ ಓದಲು ಸಿಗುವುದಿಲ್ಲ, ತಗಡಿನ ತುಂಡಿನಲ್ಲಿ ಪಂಚ್ ಹೊಡೆದು ಕಟ್ಟಿ. ಕನೆಕ್ಟಿಂಗ್ ರಾಡಿನ ಕ್ಯಾಪ್ ಒಂದರದ್ದು ಇನ್ನೊಂದಕ್ಕೆ ಹೋಗಬಾರದು, ತಿರುಗಿಸಿ ಹಾಕಲೂಬಾರದು. ನಂಬರ್ ಇಲ್ಲದಿದ್ದರೆ ಬಿಚ್ಚುವ ಮೊದಲು ನೀವೇ ಹಾಕಿ. ಬೋಲ್ಟುಗಳನ್ನು ಮೀನಿನ ಕ್ರೇಟಿನಲ್ಲಿ ಇಡಬೇಡಿ, ಅಡಿಯ ತೂತಿನಿಂದ ಸಣ್ಣವೆಲ್ಲ ಬಿಲ್ಜಿಗೆ ಹೋಗ್ತವೆ.

ಇನ್ನು ಅಳತೆ. ನನ್ನ ಪ್ರಕಾರ ಸ್ವಂತ ಕೆಲಸದ ಜೀವ ಇರುವುದು ಇಲ್ಲೇ. ಲೈನರನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಬೋರ್ ಗೇಜಿನಲ್ಲಿ ಅಳೆಯಬೇಕು. ಸವೆತ ಹೆಚ್ಚಿರುವುದು ಮೇಲೆ, ಮೊದಲ ರಿಂಗ್ ನಿಂತು ತಿರುಗುವ ಜಾಗದಲ್ಲಿ. ಅಲ್ಲಿ ಉಗುರಿಗೆ ಮೆಟ್ಟಿಲಿನ ಹಾಗೆ ಸಿಗ್ತದೆ. ಕ್ರ್ಯಾಂಕ್ ಪಿನ್ ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿಗೆ ಅಳೆದರೆ ಅಂಡಾಕಾರ ಆಗಿದೆಯಾ ಗೊತ್ತಾಗ್ತದೆ. ನಮಗೆ ಕೆಲಸ ಕಲಿಸಿದ ಮೇಸ್ತ್ರಿ ಮೈಕ್ರೋಮೀಟರ್ ಹಿಡಿಯುವ ಮೊದಲು ಒಂದು ಹಳೇ ತಾಮ್ರದ ನಾಣ್ಯವನ್ನು ಪಿನ್ನಿನ ಮೇಲೆ ಉದ್ದಕ್ಕೆ ಎಳೀತಿದ್ದರು. ತಾಮ್ರದ ಕೆಂಪು ಗೆರೆ ಪಿನ್ನಿಗೆ ಹತ್ತಿಕೊಂಡರೆ ಮೈ ಒರಟಾಗಿದೆ ಅಂತ ಅರ್ಥ, ಅಳತೆ ಸರಿ ಇದ್ದರೂ ಲೇತಿಗೆ ಹೋಗಲೇಬೇಕು. ಈಗಲೂ ನಾವು ಹಾಗೇ ಮಾಡ್ತೇವೆ. ಗ್ರೈಂಡಿಂಗಿಗೆ ಹೋದರೆ 10, 20, 30 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಹೀಗೆ ಅಂಡರ್‌ಸೈಜ್ ಬೇರಿಂಗ್ ಬರ್ತವೆ. ಮುಂಚಿನವರು ಎಷ್ಟಕ್ಕೆ ಇಳಿಸಿದ್ದಾರೆ ಅಂತ ಹಳೇ ಬೇರಿಂಗಿನ ಬೆನ್ನಲ್ಲೇ ನಂಬರ್ ಇರ್ತದೆ, ಎಸೆಯುವ ಮೊದಲು ನೋಡಿ. ಕೊನೇ ಸೈಜಿಗೆ ಬಂದಿದ್ದರೆ, ಅಥವಾ ಬ್ಲಾಕಿನಲ್ಲಿ ಲೈನರ್ ಕೂರುವ ಮೆಟ್ಟಿಲನ್ನೇ ಉಪ್ಪು ತಿಂದಿದ್ದರೆ, ಅಲ್ಲಿಗೇ ಕೆಲಸ ನಿಲ್ಲಿಸಿ. ಆ ಬ್ಲಾಕಿಗೆ ಹೊಸ ಕಿಟ್ ಹಾಕಿದರೂ ನೀರು ಇಳಿಯುವುದು ತಪ್ಪುವುದಿಲ್ಲ.

ಕ್ರ್ಯಾಂಕ್ ಗ್ರೈಂಡಿಂಗ್ ಮತ್ತು ಡೀಸೆಲ್ ಪಂಪ್ ಕ್ಯಾಲಿಬ್ರೇಶನ್, ಇವೆರಡು ಹೊರಗಿನವರ ಕೆಲಸ. ಪಂಪಿಗೆ ಟೆಸ್ಟ್ ಬೆಂಚ್ ಬೇಕೇ ಬೇಕು, ಮನೆಯಲ್ಲಿ ತಿರುಗಿಸಿ ನೋಡುವ ವಸ್ತು ಅಲ್ಲ ಅದು. ಜೂನ್ 1ರಿಂದ ಜುಲೈ 31ರ ತನಕ 61 ದಿನದ ಮೀನುಗಾರಿಕೆ ನಿಷೇಧ, ಆ ಹೊತ್ತಿನಲ್ಲಿ ಕರಾವಳಿಯ ಎಲ್ಲ ಬೋಟಿನವರೂ ಮಂಗಳೂರಿನ ಬಂದರು ಪ್ರದೇಶ, ಯೆಯ್ಯಾಡಿ, ಬೈಕಂಪಾಡಿ, ಉದ್ಯಾವರ ಅಂತ ಲೇತ್ ಹುಡುಕಿಕೊಂಡು ಹೋಗ್ತಾರೆ. ಜೂನ್ ಮೊದಲ ವಾರದಲ್ಲೇ ಕ್ರ್ಯಾಂಕ್ ಅಂಗಡಿ ತಲುಪಿದರೆ ನಿಮಗೆ ನೆಮ್ಮದಿ. ಜುಲೈಯಲ್ಲಿ ಕೊಟ್ಟರೆ ಅವರೂ ಅರ್ಜೆಂಟಿನಲ್ಲಿ ಮಾಡ್ತಾರೆ. ಕೆಲಸ ಆಗಿ ಬಂದ ಕ್ರ್ಯಾಂಕನ್ನು ಮತ್ತೆ ನೀವೇ ಅಳೆಯಿರಿ, ಆಯಿಲ್ ಹೋಲ್‌ಗಳಿಗೆ ಬ್ರಷ್ ಹಾಕಿ ತೊಳೆಯಿರಿ. ಒಳಗೆ ಉಳಿದ ಗ್ರೈಂಡಿಂಗ್ ಪುಡಿ ಹೊಸ ಬೇರಿಂಗನ್ನು ಮೊದಲ ದಿನವೇ ಕೆರೆದು ಹಾಕ್ತದೆ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ತೊಳೆದು ಒಣಗಿಸಿದ ಲೈನರ್ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಕಂದು ಬಣ್ಣ. ತೊಳೆದ ಕೂಡಲೇ ಇಂಜಿನ್ ಆಯಿಲ್ ಸವರಿ, ಬಟ್ಟೆ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಿ. ಟರ್ಪಾಲು ಗಾಳಿಗೆ ಹಾರದ ಹಾಗೆ ಕಟ್ಟುವುದಕ್ಕೇ ಅರ್ಧ ದಿನ ಮೀಸಲಿಡಿ, ನಷ್ಟ ಇಲ್ಲ.

ಕಟ್ಟುವಾಗ ಲೈನರಿನ ರಬ್ಬರ್ ರಿಂಗಿಗೆ ಸೋಪಿನ ನೀರು ಸವರಿ. ಲೈನರ್ ಕೈಯಲ್ಲಿ ಒತ್ತಿದರೆ ಕೊನೆಗೆ ಒಂದು ಸಣ್ಣ ತಡೆ ಸಿಕ್ಕಿ ಟಪ್ಪಂತ ಕೂರ್ತದೆ. ಸುತ್ತಿಗೆ ಬೇಕಾಯಿತು ಅಂದರೆ ರಿಂಗ್ ತಿರುಚಿದೆ, ಮೇಲೆ ತೆಗೆದು ನೋಡಿ. ಕೂತ ಮೇಲೆ ಲೈನರ್ ಬ್ಲಾಕಿಗಿಂತ ಕೆಲವು ಥೌ ಮೇಲೆ ನಿಲ್ಲಬೇಕು, ಎಷ್ಟು ಅಂತ ಮ್ಯಾನುವಲಿನಲ್ಲಿ ಉಂಟು. ಒಂದು ಎತ್ತರ ಒಂದು ತಗ್ಗು ಆದರೆ ಗ್ಯಾಸ್ಕೆಟ್ ಹೊಡೀತದೆ. ಈಗಲೇ ಚೇಂಬರ್ ಮುಚ್ಚದೆ ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಲೈನರಿನ ಕಾಲಲ್ಲಿ ಒಂದು ಹನಿ ಕಂಡರೂ ಮುಂದೆ ಹೋಗಬೇಡಿ. ಪಿಸ್ಟನ್ ರಿಂಗಿನ ಗ್ಯಾಪ್ ಲೈನರಿನೊಳಗೆ ಇಟ್ಟು ಫೀಲರಿನಲ್ಲಿ (ಸಂದು ಅಳೆಯುವ ತೆಳು ತಗಡುಗಳ ಗೇಜ್) ನೋಡಿ. ಸಾಮಾನ್ಯ ಲೆಕ್ಕ, ಬೋರಿನ ಇಂಚಿಗೆ 3ರಿಂದ 4 ಥೌ. ಪ್ಯಾಕೆಟಿನಿಂದ ತೆಗೆದ ಹಾಗೇ ಹಾಕಿದರೆ, ಗ್ಯಾಪ್ ಕಡಿಮೆ ಇದ್ದ ರಿಂಗ್ ಬಿಸಿಗೆ ಉಬ್ಬಿ ಲೈನರನ್ನು ಹಿಡೀತದೆ. ಹೆಡ್ ಬೋಲ್ಟ್ ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ.

ಗಂಗೊಳ್ಳಿಯ ಗೆಳೆಯರೊಬ್ಬರು ಸೇರಿಸಿದ ಮಾತು: ನೀರಿನಿಂದ ತಂಪಾಗುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಪ್ರೆಶರ್ ಟೆಸ್ಟ್ ಮಾಡಿಸದೆ ವಾಪಸ್ ಹಾಕಬೇಡಿ. ಒಳಗೆ ತೂತಾದರೆ ಇಂಜಿನ್ ನಿಂತಿರುವಾಗ ನೀರು ಮೆಲ್ಲ ಸಿಲಿಂಡರಿಗೆ ಇಳೀತದೆ, ಬೆಳಿಗ್ಗೆ ಸೆಲ್ಫ್ ಹೊಡೆದರೆ ರಾಡ್ ಬಾಗ್ತದೆ. ನೀರು ತುಂಬಿದ ಬೋಟುಗಳ ಇಂಜಿನ್ ಮೇಲೆತ್ತಿ ಉಳಿಸಿಕೊಂಡವರು ಅವರು. ಹಾಗೆ ಮುಳುಗಿದ ಇಂಜಿನ್ನನ್ನು ಅದೇ ದಿನ ಬಿಚ್ಚಲು ಆಗದಿದ್ದರೆ ಗಾಳಿಗೆ ಬಿಡಬಾರದಂತೆ. ಸಿಹಿನೀರಿನಲ್ಲಿ ತೊಳೆದು ಒಳಗೆಲ್ಲ ಡೀಸೆಲ್ ತುಂಬಿಸಿ ಇಡಬೇಕು, ತುಕ್ಕಿಗೆ ಬೇಕಾದ ಗಾಳಿ ಸಿಗದ ಹಾಗೆ.

ಎಲ್ಲ ಕಟ್ಟಿದ ಮೇಲೆ ಶಾಫ್ಟ್ ಎಲೈನ್ಮೆಂಟ್. ಬೋಟನ್ನು ದಡಕ್ಕೆ ಎಳೆದಿದ್ದರೆ, ಅಲ್ಲಿ ಮಾಡುವ ಎಲೈನ್ಮೆಂಟ್ ಅಂದಾಜಿಗೆ ಮಾತ್ರ. ಮರದ ಬೋಟು ನೆಲದ ಮೇಲೆ ಒಂದು ಆಕಾರ, ನೀರಿನಲ್ಲಿ ಇನ್ನೊಂದು ಆಕಾರ. ನೀರಿಗೆ ಇಳಿಸಿ, ಹಲಗೆ ನೀರು ಕುಡಿದು ಕೂರಲು ಒಂದೆರಡು ದಿನ ಬಿಟ್ಟು, ಡೀಸೆಲ್ ಟ್ಯಾಂಕಿನಲ್ಲಿ ಮಾಮೂಲಿ ಭಾರ ಇರುವಾಗ ಕಪ್ಲಿಂಗಿನ ಬೋಲ್ಟ್ ತೆಗೆದು ಫೀಲರ್ ಹಾಕಿ. ಮೇಲೆ, ಕೆಳಗೆ, ಎಡ, ಬಲ, ನಾಲ್ಕೂ ಕಡೆಯ ಸಂದು ನೋಡಿ. ಕಪ್ಲಿಂಗಿನ ಅಗಲದ ಇಂಚಿಗೆ ಒಂದು ಥೌ ವ್ಯತ್ಯಾಸದ ಒಳಗೆ ಬರಬೇಕು. ನಾಲ್ಕಿಂಚಿನ ಕಪ್ಲಿಂಗ್ ಆದರೆ ಸುಮಾರು 0.1 ಮಿಲಿಮೀಟರ್. ಶಿಮ್ (ಅಡಿಗೆ ಇಡುವ ತೆಳು ತಗಡು) ಹಾಕಿ ತೆಗೆದು ಇಡೀ ಮಧ್ಯಾಹ್ನ ಹೋದರೂ ಹೋಗಲಿ. ಗೇರ್ ಬಾಕ್ಸಿನ ಸೀಲ್ ಪದೇ ಪದೇ ಹೋಗುವುದು, ಸ್ಟರ್ನ್ ಟ್ಯೂಬಿನಲ್ಲಿ (ಶಾಫ್ಟ್ ಬೋಟಿನಿಂದ ಹೊರಗೆ ಹೋಗುವ ಕೊಳವೆ) ನೀರು ಬರುವುದು, ಬೋಟು ಗಡಗಡ ನಡುಗುವುದು, ಹೊಸದಾಗಿ ಕಟ್ಟಿದ ಇಂಜಿನ್ನಿನ ಮೇಲೆ ಬರುವ ಈ ದೂರುಗಳೆಲ್ಲ ಹೆಚ್ಚಾಗಿ ಇಲ್ಲಿಂದಲೇ.

ಸ್ಟಾರ್ಟ್ ಮಾಡುವ ಮೊದಲು ಸ್ಟಾಪ್ ಎಳೆದು ಹಿಡಿದು ಸೆಲ್ಫ್ ಹೊಡೆದು, ಆಯಿಲ್ ಪ್ರೆಶರ್ ಮುಳ್ಳು ಏಳುವ ತನಕ ಡೀಸೆಲ್ ಕೊಡಬೇಡಿ. ಸೆಲ್ಫಿಗೆ ನಡು ನಡುವೆ ಬಿಡುವು ಕೊಡಿ. ಆಮೇಲೆ ಡೀಸೆಲ್ ಪೈಪಿನೊಳಗಿನ ಏರ್ ತೆಗೆದು ಸ್ಟಾರ್ಟ್. ಗಂಟೆಗಟ್ಟಲೆ ಐಡಲಿನಲ್ಲಿ ಓಡಿಸಿ "ಸೆಟ್" ಮಾಡುವ ಪದ್ಧತಿ ನಮ್ಮಲ್ಲಿ ಉಂಟು, ನಾನು ಒಪ್ಪುವುದಿಲ್ಲ. ಲೋಡ್ ಇಲ್ಲದೆ ಓಡಿದರೆ ಲೈನರ್ ಗಾಜಿನ ಹಾಗೆ ನುಣ್ಣಗಾಗಿ ರಿಂಗ್ ಕೂರುವುದೇ ಇಲ್ಲ, ಆಯಿಲ್ ಕುಡಿಯುವುದು ಮೊದಲಿನ ಹಾಗೇ ಉಳೀತದೆ. ಬಿಸಿ ಆದ ಕೂಡಲೇ ಗೇರ್ ಹಾಕಿ ನದಿಯಲ್ಲೇ ಅರ್ಧ ಲೋಡಿನಲ್ಲಿ ಓಡಿಸಿ, ಸ್ಪೀಡ್ ಹೆಚ್ಚು ಕಡಿಮೆ ಮಾಡ್ತಾ ಇರಿ. ಟ್ರಯಲಿಗೆ ಅಳಿವೆ (ನದಿ ಕಡಲು ಸೇರುವ ಬಾಯಿ) ದಾಟಬೇಡಿ. ಆಗಸ್ಟ್ ಆರಂಭದಲ್ಲಿ ಅಲ್ಲಿ ಇಂಜಿನ್ ಕೈಕೊಟ್ಟರೆ ಬೋಟು ಕಲ್ಲಿಗೆ ಹೋಗ್ತದೆ, ಜನವೂ ಅಪಾಯಕ್ಕೆ ಸಿಕ್ಕಿಬೀಳ್ತಾರೆ. ತಣ್ಣಗಾದ ಮೇಲೆ ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ಮತ್ತೆ ನೋಡಿ. ಹೆಡ್ ಮತ್ತೆ ಟಾರ್ಕ್ ಮಾಡುವುದು ನಿಮ್ಮ ಗ್ಯಾಸ್ಕೆಟಿಗೆ ಬೇಕಾ ಅಂತ ಅದರ ಜೊತೆ ಬಂದ ಚೀಟಿ ಓದಿ. ಮೊದಲ ಆಯಿಲನ್ನು 50 ಗಂಟೆಯೊಳಗೆ ಬದಲಿಸಿ, ಫಿಲ್ಟರ್ ಕತ್ತರಿಸಿ ಒಳಗೆ ಲೋಹದ ಪುಡಿ ಉಂಟಾ ನೋಡಿ.

ಈಗ ನಿಮ್ಮಿಂದ ಬೇಕಾದದ್ದು ಆರೂ ಸಿಲಿಂಡರಿನ ಕಂಪ್ರೆಶನ್ ರೀಡಿಂಗ್, ಬಿಸಿ ಇಂಜಿನ್ನಿನ ಆಯಿಲ್ ಪ್ರೆಶರ್, ಮತ್ತೆ ಬ್ರೀದರ್ ಹೇಗೆ ಹೊಡೀತದೆ ಅನ್ನುವುದು. ಅಷ್ಟು ಬರೆದು ಹಾಕಿ. ಅದನ್ನು ನೋಡದೆ ಲೈನರ್ ಕಿಟ್‌ಗೆ ದುಡ್ಡು ಕೊಡಬೇಡಿ.